ಕಂಬದ ಮಗ್ಗಲಿನ ಜಾಗ

ಎಂ.ಎಸ್ಸಿ. ಭೌತಶಾಸ್ತ್ರದ ಮೌಖಿಕ ಪರೀಕ್ಷೆ ಫೋನಿನ ಮೇಲೆ ನಡೆಯುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು (ಹೊರಗಿನಿಂದ ಅಂದರೆ ಅವರೂ ತಮ್ಮ ಮನೆಯ ಒಳಗಿನಿಂದಲೇ) ಬ್ಯಾಡಗಿಯ ಕೊಟ್ರೇಶನಿಗೆ, "ಸ್ಟ್ರೆಸ್ ಅಂದರೆ ಏನು?" ಎಂದು ಕೇಳಿದರು. ತಂತಿಗೆ ತೂಕ ಕಟ್ಟಿ ಎಳೆದರೆ ತಂತಿಯೊಳಗೆ ಹುಟ್ಟುತ್ತದಲ್ಲ, ಆ ಸ್ಟ್ರೆಸ್ಸು. ಅದಕ್ಕೆ ಒಂದು ಸಾಲಿನ ಉತ್ತರವಿದೆ. ಕೊಟ್ರೇಶನಿಗೆ ಅದು ಗೊತ್ತೂ ಇತ್ತು. ಅವನು ಕನ್ನಡಕ ತೆಗೆದ, ಎರಡೂ ಕಣ್ಣು ಒರೆಸಿಕೊಂಡ, ಮತ್ತು ಪರೀಕ್ಷಕರ ಮುಂದೆ, ವಿಭಾಗದ ಮುಖ್ಯಸ್ಥರ ಮುಂದೆ, ತಂತಮ್ಮ ಪಾಳಿಗಾಗಿ ಕಾದಿದ್ದ ಇಡೀ ಕ್ಲಾಸಿನ ಮುಂದೆ ಗಳಗಳನೆ ಕಣ್ಣೀರು ಸುರಿಸಿದ.

ಪರೀಕ್ಷಕರು ಗಾಬರಿಯಾಗಿ ತಮ್ಮ ಕನ್ನಡಕವನ್ನೂ ತೆಗೆದರು. ಅಷ್ಟರಲ್ಲಿ ಫೋನಿಗೆ ಅಡ್ಡವಾಗಿ ಒಂದು ಇಳಕಲ್ ಸೀರೆ ಬಂತು. ಸೀರೆಯೊಳಗೆ ಕೊಟ್ರೇಶನ ಅಜ್ಜಿ ಮುದುಕವ್ವ ಇದ್ದಳು.

"ಯಾಕೋ ನನ್ನ ಬಂಗಾರ? ಯಾಂವ ಏನಂದ? ಈ ಫೋನಿನ್ಯಾಗಿನ ಮನಷ್ಯಾ ಅಂದನೇನ?"

"ಅಮ್ಮಾ, ನಾನು ಏನೂ ಅನ್ನಲಿಲ್ಲ. ಸ್ಟ್ರೆಸ್ ಅಂದರೆ ಏನು ಅಂತ ಕೇಳಿದೆ, ಅಷ್ಟೆ."

"ಮಕ್ಕಳಿಗೆ ಅಂಥಾದ್ದೆಲ್ಲಾ ಕೇಳ್ತಾರೇನ್ರೀ? ನಿಮ್ಮ ಮನ್ಯಾಗ ಮಕ್ಕಳಿಲ್ಲ?"

ಆಮೇಲೆ ಅವಳ ಕಣ್ಣು ಮೊಮ್ಮಗನ ಬೆರಳುಗಳ ಮೇಲೆ ಬಿತ್ತು. ಕೆಂಪಗಿದ್ದವು. "ಥೂ ನಿನ್ನ, ಮೆಣಸಿನಕಾಯಿ ಕೈ!" ಎಂದವಳೇ ಸೆರಗಿನ ತುದಿಯನ್ನು ಉಂಡೆ ಮಾಡಿ, ಅದಕ್ಕೆ ಬಾಯಿಂದ ಬಿಸಿ ಉಸಿರು ಊದಿ, ಅವನ ಕಣ್ಣಿಗೆ ಒತ್ತತೊಡಗಿದಳು. ಪರೀಕ್ಷಕರಿಗೆ ಬೆರಳು ಕಾಣಲಿಲ್ಲ, ಅಜ್ಜಿ ಮೊಮ್ಮಗನ ಕಣ್ಣೀರು ಒರೆಸುವುದಷ್ಟೇ ಕಂಡಿತು. ಅವರು ಮೃದು ದನಿಯಲ್ಲಿ, "ಕೊಟ್ರೇಶ, ಸಾಕು. ಇನ್ನೇನೂ ಕೇಳೋದಿಲ್ಲ. ನೀನು ಪಾಸಾದೆ ಅಂತ ತಿಳಿ. ವಿಶ್ರಾಂತಿ ತೊಗೊ," ಎಂದರು. ಸೆರಗಿನ ಅಡಿಯಿಂದ ಕೊಟ್ರೇಶ, "ಸರ್, ಫೋರ್ಸ್ ಪರ್ ಯುನಿಟ್..." ಎಂದು ಕೂಗಿದ. 'ಏರಿಯಾ' ಅನ್ನುವಷ್ಟರಲ್ಲಿ ನಮ್ಮ ಏರಿಯಾದ ಸಿಗ್ನಲ್ಲೇ ಹೋಯಿತು. ನೆಟ್ಟಗೆ ವರ್ಕ್ ಆಗದ್ದಕ್ಕೇ ಅದನ್ನು ನೆಟ್‌ವರ್ಕ್ ಎನ್ನುವುದು.

ಆ ದಿನ ಕೊಟ್ರೇಶ ಅತ್ತಿರಲಿಲ್ಲ. ವಿಚಾರ ಮಾಡುವಾಗ ಅವನ ಕೈ ತಾನಾಗಿ ಮೆಣಸಿನಕಾಯಿ ಬಿಡಿಸುತ್ತಿತ್ತು, ಆ ಕೈ ಕಣ್ಣಿಗೆ ಹೋಯಿತು, ಮುಗಿಯಿತು. ತಮಾಷೆ ಏನೆಂದರೆ, ಆ ಬೇಸಿಗೆಯಲ್ಲಿ ಅವನು ದಿನಾಲೂ ಖರೇಖರೇ ಅತ್ತಿದ್ದ. ಆಗ ಮಾತ್ರ ಒಬ್ಬರೂ 'ಯಾಕ' ಅಂದಿರಲಿಲ್ಲ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಕೈಯಗಲದ ಸಂದಿ. ನಮ್ಮ ಅಡುಗೆಮನೆಯ ಕಿಟಕಿ ನೇರ ಅವರ ಪಡಸಾಲೆಯನ್ನು ನೋಡುತ್ತದೆ. ಹೀಗಾಗಿ ಅವರ ಮನೆಯ ಸುದ್ದಿ ನನಗೆ ನಮ್ಮ ಒಗ್ಗರಣೆಯ ಜೊತೆಗೇ ಸಿಗುತ್ತದೆ. ಉಳಿದದ್ದನ್ನು ಕೊಟ್ರೇಶನೇ ಆಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದಾನೆ.

ತಂದೆ ಗುಡದಪ್ಪನಿಗೆ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅವರ ಅಪ್ಪನಿಗೂ ಅದೇ, ಅಜ್ಜನಿಗೂ ಅದೇ. ಅಂಥ ಮನೆಯಲ್ಲಿ ಹುಟ್ಟಿದ ಕೊಟ್ರೇಶನಿಗೆ ಮೆಣಸಿನಕಾಯಿ ಆಗಿಬರುತ್ತಿರಲಿಲ್ಲ. ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಾಗ ಅವನು ಕೊಟ್ಟ ಮೊದಲ ಉತ್ತರವೇ ಸೀನು. ದೊಡ್ಡವನಾದ ಮೇಲೆ ಚಟ್ನಿಯ ಬಟ್ಟಲಿಗೆ ಬೆನ್ನು ಮಾಡಿ ಊಟಕ್ಕೆ ಕೂರುತ್ತಿದ್ದ. ಭೌತಶಾಸ್ತ್ರವನ್ನು ಆರಿಸಿಕೊಂಡದ್ದೂ ಅದಕ್ಕೇ. ಸಸ್ಯಶಾಸ್ತ್ರದಲ್ಲಿ ಮೆಣಸಿನ ಗಿಡ ಬರುತ್ತದೆ, ರಸಾಯನಶಾಸ್ತ್ರದಲ್ಲಿ ಮೆಣಸಿನ ಖಾರ ಬರುತ್ತದೆ, ಭೌತಶಾಸ್ತ್ರದಲ್ಲಿ ಎರಡೂ ಇಲ್ಲ. ಧಾರವಾಡದ ಹಾಸ್ಟೆಲ್ಲಿಗೆ ಹೊರಟ ದಿನ ಅವನು ಬಸ್ಸಿನ ಕಿಟಕಿ ತೆಗೆದು ಉದ್ದಕ್ಕೆ ಉಸಿರೆಳೆದುಕೊಂಡದ್ದನ್ನು ಅವನ ಅಪ್ಪ ಇನ್ನೂ ಮರೆತಿಲ್ಲ.

ಕೊರೋನಾದ ಮೊದಲ ವರ್ಷ ಹಾಸ್ಟೆಲ್ಲು ಮುಚ್ಚಿದಾಗ ಅವನು ರಜೆಗೆ ಬಂದವನ ಹಾಗೆ ಬಂದ. ಉಂಡ, ಮಲಗಿದ, ದುಂಡಗಾದ. ನಮ್ಮೂರಿನ ಮೆಣಸಿನಕಾಯಿಯಲ್ಲಿ ಎರಡು ಜಾತಿ. ಮೋಟಾಗಿ ದಪ್ಪಗಿದ್ದರೆ ಡಬ್ಬಿ, ಉದ್ದಕ್ಕೆ ತೆಳ್ಳಗಿದ್ದರೆ ಕಡ್ಡಿ. ಕೊಟ್ರೇಶ ಆ ವರ್ಷ ಒಳ್ಳೆಯ ಡಬ್ಬಿ ಮಾಲು. ಮುಂದಿನ ವರ್ಷ ಹಾಸ್ಟೆಲ್ಲು ತೆರೆಯಿತು. ಹೋದ, ರೂಮಿನ ಗೆಳೆಯನ ಗೊರಕೆಗೆ ಹೊಂದಿಕೊಂಡ, ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಅರ್ಧಕ್ಕೆ ತಂದ. ಅಷ್ಟರಲ್ಲಿ ಎರಡನೆಯ ಅಲೆ ಬಂದು ಮತ್ತೆ ಎಲ್ಲ ಬಂದ್. ಈ ಸಲ ಮನೆಗೆ ಬಂದವನು ಕಡ್ಡಿ.

ಮೇಲಿನ ಕೋಣೆ ಸೇರಿದ. ಬೆಳಿಗ್ಗೆ ಫೋನು ತೆರೆದು 'ಪ್ರೆಸೆಂಟ್ ಸರ್' ಅನ್ನುವುದು, ಕ್ಯಾಮೆರಾ ಮುಚ್ಚುವುದು, ಗೋಡೆ ನೋಡುತ್ತ ಮಲಗುವುದು. ಮೇಷ್ಟ್ರು ಕರಿ ಚೌಕಗಳಿಗೆ ಪಾಠ ಹೇಳುತ್ತಿದ್ದರು. ಒಮ್ಮೆ ಅವರು ಜೋಕು ಹೇಳಿ ಕಾದರಂತೆ. ಯಾರೂ ನಗಲಿಲ್ಲ, ಎಲ್ಲರೂ ಮ್ಯೂಟಿನಲ್ಲಿದ್ದರು. "ಆ ಮೌನ ಕೇಳಿ ನನಗ ಅಳು ಬಂತು ಕಾಕಾ," ಎಂದ ಕೊಟ್ರೇಶ. "ಮುಂದ ಏನೂ ಕೇಳದನ ಬರಾಕ ಹತ್ತಿತು."

ಅವರ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅದೇ ಅವನ ತೊಂದರೆ. ಕಾರಣವಿದ್ದರೆ ಹೇಳಬಹುದಿತ್ತು. ನಿದ್ದೆ ಬಾರದು, ಓದಿದ್ದು ತಲೆಗೆ ಹೋಗದು, ಅನ್ನ ಸೇರದು. ಪರೀಕ್ಷೆಗೆ ಕೂರುವುದೇ ಬೇಡ, ಎಂ.ಎಸ್ಸಿ. ಇಲ್ಲಿಗೇ ಬಿಟ್ಟುಬಿಡುವುದು ಎಂದು ಅವನು ಒಳಗೊಳಗೇ ತೀರ್ಮಾನಿಸಿದ್ದ. ಮನೆಯವರಿಗೆ ಹೇಳಬೇಕೆಂದು ದಿನಾ ಮೆಟ್ಟಿಲಿಳಿಯುತ್ತಿದ್ದ, ಚಹಾ ಕುಡಿದು ಮೇಲೇರುತ್ತಿದ್ದ.

ಅಳುವುದಕ್ಕಾದರೂ ಜಾಗ ಬೇಕಲ್ಲ. ತುಂಬಿದ ಮನೆ, ಒಂದೇ ಬಚ್ಚಲು, ಹೊರಗೆ ಪಾಳಿ ಹಚ್ಚಿ ನಿಂತ ಮಂದಿ. ಮಾಳಿಗೆಗೆ ಹೋದರೆ ಅಕ್ಕಪಕ್ಕದ ಮಾಳಿಗೆಯವರು "ಆರಾಮೇನೋ?" ಅನ್ನುತ್ತಿದ್ದರು. ಅನ್ನುವವರಲ್ಲಿ ನಾನೂ ಒಬ್ಬ. ಮೇಲಾಗಿ ಅದು ಕಣ್ಣು ಕೆಂಪಾಗಿ ಮೂಗು ಏರಿಸಿದರೆ ಓಣಿಯ ಬಾಯಿಗೆ ಬಿದಿರು ಕಟ್ಟುತ್ತಿದ್ದ ಕಾಲ. ಒಬ್ಬನ ದುಃಖಕ್ಕೆ ಇಡೀ ಓಣಿ ಕ್ವಾರಂಟೈನ್ ಆಗಬೇಕಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲಿಳಿದವನು ಪಡಸಾಲೆ ನೋಡಿ ನಿಂತುಬಿಟ್ಟ. ಬಸ್ಸು ನಿಂತು ಹೊರಗಿನ ಹೆಂಗಸರು ಕೆಲಸಕ್ಕೆ ಬರುವಂತಿರಲಿಲ್ಲ. ಗುಡದಪ್ಪ ವಖಾರದಿಂದ ಚೀಲಗಳನ್ನು ಮನೆಗೇ ತಂದು ಸುರಿದಿದ್ದ. ಮೆಣಸಿನಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಅನ್ನುತ್ತಾರೆ. ಆ ತುಂಬು ಕುಟುಂಬ ಪಡಸಾಲೆಯ ತುಂಬ ಕೂತು ತುಂಬು ಬಿಡಿಸುತ್ತಿತ್ತು. ಬ್ಯಾಡಗಿಯ ಮಾಲು ಹೆಸರಾದದ್ದು ಬಣ್ಣಕ್ಕೆ, ಆದರೆ ಆ ಸಲದ್ದು ಗುಂಟೂರು ತಳಿ, ಬರೀ ಘಾಟು. ಅಜ್ಜಿ, ಚಿಕ್ಕಮ್ಮ, ಎದುರುಮನೆಯವರು, ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರು. ನಮ್ಮ ಹೆಂಗಸರು ಸರಕಾರ ಹೇಳುವ ಎಷ್ಟೋ ವರ್ಷ ಮೊದಲೇ ಮಾಸ್ಕ್ ಹಾಕಿದವರು. ಮತ್ತು ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಯಾರೂ ಯಾರನ್ನೂ ಯಾಕೆಂದು ಕೇಳುತ್ತಿರಲಿಲ್ಲ.

"ಅಜ್ಜಿ, ನಾನೂ ಬರ್ಲೇನ?"

ಪಡಸಾಲೆಯೇ ತಲೆ ಎತ್ತಿತು. ಮುದುಕವ್ವ ಮೊಮ್ಮಗನನ್ನು ಒಮ್ಮೆ ನೋಡಿ, "ಬಾ. ಎಲ್ಲಿ ಬೇಕಾದಲ್ಲಿ ಕುಂದ್ರು," ಎಂದಳು.

ಅವನು ಆರಿಸಿದ್ದು ಮೂಲೆಯ ಕಂಬದ ಮಗ್ಗಲು, ಗೋಡೆಯ ಕಡೆ ಮುಖ. ಕೂತ, ಮುಖಕ್ಕೆ ಟವೆಲ್ಲು ಸುತ್ತಿದ, ಒಂದು ಹಿಡಿ ಮೆಣಸಿನಕಾಯಿ ಉಡಿಯಲ್ಲಿ ಹಾಕಿಕೊಂಡ, ಮತ್ತು ಮನಸಾರೆ ಅತ್ತ. ಎಂಥ ಸುಖ! ಭುಜ ಕುಣಿಯುವ ಹಾಗೆ ಅತ್ತ. ಚಿಕ್ಕಮ್ಮ ಏನೋ ಅನ್ನಲು ಬಾಯಿ ತೆರೆದಳು. ಅಜ್ಜಿ ನಡುವೆಯೇ, "ಮೊದಲನೇ ದಿನ ಎಲ್ಲಾರಿಗೂ ಹಂಗ," ಎಂದುಬಿಟ್ಟಳು.

ಮರುದಿನವೂ ಬಂದ. ಅದರ ಮರುದಿನವೂ. ಸಂತೋಷದಿಂದ ಗುಡದಪ್ಪನ ಎದೆ ಉಬ್ಬಿತು. ಫೋನು ಹಚ್ಚಿದವರಿಗೆಲ್ಲ, "ನಮ್ಮ ಹುಡುಗ ಕಡೀಗೂ ಕಸಬಿಗೆ ಬಂದಾನ್ರೀ! ಎಂ.ಎಸ್ಸಿ. ಮಾಡಾಕತ್ತಾನ, ಆದ್ರ ಕಾಯಿ ಬಿಟ್ಟು ಏಳವಲ್ಲ," ಎಂದು ಹೇಳಿದ. ತಾಯಿ ಸುರೇಖಾ ಮಾತ್ರ ಏನೂ ಅನ್ನಲಿಲ್ಲ. ಅವಳಿಗೆ ಅನ್ನಲು ಪುರುಸೊತ್ತಾದರೂ ಎಲ್ಲಿತ್ತು? ಗಂಡ ಅಂಗಡಿ ಮುಚ್ಚಿ ಮನೆಯಲ್ಲೇ ಕೂತು ಸಾರಿಗೆ ಉಪ್ಪು ಎಷ್ಟು ಎಂದು ಸಲಹೆ ಕೊಡತೊಡಗಿದ ಮೇಲೆ ಅವಳು ಅಡುಗೆಮನೆಯಿಂದ ಹೊರಗೆ ಬಂದದ್ದೇ ಅಪರೂಪ.

ಇಷ್ಟೆಲ್ಲದರ ನಡುವೆ ರಾಣೆಬೆನ್ನೂರಿನಿಂದ ಹೀನಾಳ ಫೋನು ಬಂತು. ಹೀನಾ ಅವನ ಕ್ಲಾಸಿನವಳು. ಅವಳ ತಂದೆ ಮಹಮ್ಮದ್ ಹನೀಫ್ ಅವರದು ಬೀಜದ ಅಂಗಡಿ. ಕಪ್ಪು ಚೌಕಗಳ ಸಾಲಿನಲ್ಲಿ ಕೊಟ್ರೇಶನ ಚೌಕ ಕೆಲವು ದಿನದಿಂದ 'ಪ್ರೆಸೆಂಟ್' ಕೂಡ ಅನ್ನುತ್ತಿಲ್ಲ ಎಂದು ಅವಳು ಗಮನಿಸಿದ್ದಳು.

"ಯಾಕೋ ಎಮ್ಮೆಸ್ಸಿ, ಎಮ್ಮಿ ಕಾಯಾಕ ಹೊಂಟೀಯೇನ? ದನಿನೇ ಇಲ್ಲಲ್ಲ."

ಕೊಟ್ರೇಶ ಕಂಬಕ್ಕೆ ಒರಗಿಕೊಂಡು, ಯಾರಿಗೂ ಹೇಳದ್ದನ್ನು ಟವೆಲ್ಲಿನೊಳಗಿಂದ ಪಿಸುದನಿಯಲ್ಲಿ ಹೇಳಿಬಿಟ್ಟ. "ನಾ ಬಿಟ್ಟುಬಿಡ್ತೇನಿ ಹೀನಾ. ಆಗವಲ್ತು. ದಿನಾ ಅಳಾಕತ್ತೇನಿ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ, "ಎಲ್ಲಿ ಅಳ್ತಿ?"

"ಏನು?"

"ಎಲ್ಲಿ ಕುಂತು ಅಳ್ತೀಪಾ? ನನಗ ಜಾಗಾನ ಸಿಗವಲ್ತು."

"ನೀನೂ?"

"ಹೂಂ ಮತ್ತ. ನಿಮ್ಮ ಮನ್ಯಾಗ ಏನ ಐತಿ ನೆವಕ್ಕ?"

"ಮೆಣಸಿನಕಾಯಿ."

"ನಸೀಬದಾರ ಅದೀ! ನಮ್ಮ ಮನ್ಯಾಗ ಬರೇ ಬೀಜ. ಹತ್ತಿ ಬೀಜ ನೋಡಿ ಯಾರು ಅಳ್ತಾರ? ಅದಕ್ಕ ನಾ ದಿನಾ ಉಳ್ಳಾಗಡ್ಡಿ ಹೆಚ್ಚತೇನಿ. ಒಂದ ತಿಂಗಳಾತು, ನಮ್ಮ ಮನ್ಯಾಗ ಉಳ್ಳಾಗಡ್ಡಿ ಪಲ್ಯ, ಉಳ್ಳಾಗಡ್ಡಿ ಚಟ್ನಿ, ಉಳ್ಳಾಗಡ್ಡಿ ರೊಟ್ಟಿ. ನಿನ್ನೆ ಅಬ್ಬಾ ಕೈ ಮುಗದು, 'ಬೇಟೀ, ನಾ ಏನ ತಪ್ಪ ಮಾಡೇನಿ ಹೇಳು, ಬದನೀಕಾಯಿ ಮಾಡು' ಅಂದ್ರು. ದಾದಿ, ಅಂದ್ರ ನಮ್ಮಜ್ಜಿ, ಅಂತೂ ಓಣಿಗೆಲ್ಲಾ ಹೇಳ್ಯಾಳ, ನಮ್ಮ ಹೀನಾ ಅಡಗಿ ಕಲ್ತಾಳ, ಇನ್ನ ವರಾ ನೋಡೂದ ಅಂತ!"

ಒಬ್ಬನನ್ನು ಕಸಬಿಗೆ ಹಚ್ಚಿದ್ದಾರೆ, ಒಬ್ಬಳನ್ನು ಒಲೆಗೆ ಹಚ್ಚಿದ್ದಾರೆ. ಇಬ್ಬರೂ ಅತ್ತದ್ದಕ್ಕೆ ಊರೆಲ್ಲ ಹೊಗಳಿಕೆ. ಕೊಟ್ರೇಶ ನಕ್ಕ. ಘಾಟಿನ ನಡುವೆ ಬಾಯಿ ತೆರೆದು ನಗುವುದು ಬ್ಯಾಡಗಿಯಲ್ಲಿ ಯಾರೂ ಮಾಡದ ಕೆಲಸ. ಕೆಮ್ಮಿದ, ಸೀನಿದ, ಮತ್ತೆ ನಕ್ಕ. ನಮ್ಮ ಅಡುಗೆಮನೆಯಲ್ಲಿ ಬೇಳೆ ಉಕ್ಕಿದರೂ ನಾನು ಕಿಟಕಿ ಬಿಡಲಿಲ್ಲ.

ಪಡಸಾಲೆಯಲ್ಲಿ ಎಲ್ಲರ ಕೈ ನಿಂತವು. ಚಿಕ್ಕಮ್ಮ "ಯಾಕೋ?" ಎಂದಳು. ಒಳಗಿನಿಂದ ಗುಡದಪ್ಪ ಓಡಿಬಂದು "ಯಾಕ, ಏನಾತು?" ಎಂದ. ಚಹಾದ ತಾಟು ಹಿಡಿದ ಸುರೇಖಾ ಬಾಗಿಲಲ್ಲೇ ನಿಂತಳು.

"ಇದು ಭಾಳ ಛಲೋ ಆತು," ಎಂದ ಕೊಟ್ರೇಶ ಕಣ್ಣೊರೆಸಿಕೊಳ್ಳುತ್ತ. "ಬ್ಯಾಸಿಗಿ ಪೂರಾ ಇಲ್ಲಿ ಕುಂತು ಅತ್ತೇನಿ, ಒಬ್ಬರೂ ಯಾಕ ಅನ್ನಲಿಲ್ಲ. ಒಮ್ಮೆ ನಕ್ಕೆ, ಮಂದೀ ಎಲ್ಲಾ ಯಾಕ ಅಂತೀರಿ?"

"ಅತ್ತಿ?" ಎಂದ ಗುಡದಪ್ಪ. "ಅದು ಘಾಟ ಅಲ್ಲೇನು? ಕಸಬು ಕಲಿಯಾಕತ್ತಾನ ಅಂತ ಇಡೀ ಪ್ಯಾಟಿಗೆ ಹೇಳೇನಲ್ಲೋ!"

ಮುದುಕವ್ವ ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಬುಟ್ಟಿಗೆ ಎಸೆದಳು. "ಕಂಬದ ಮಗ್ಗಲ ಕುಂತವರನ್ನ ಕೇಳಬಾರದು."

"ಯಾಕ ಕೇಳಬಾರದು?"

"ಈ ಮನಿಗೆ ಸೊಸಿಯಾಗಿ ಬಂದವರೆಲ್ಲಾ ಅಲ್ಲೇ ಕುಂತು ಅತ್ತಾರ. ನಾ ಅತ್ತೇನಿ, ನಮ್ಮತ್ತಿ ಅತ್ತಾಳ. ತವರು ನೆನಪಾದಾಗ, ಜಗಳಾದಾಗ, ಏನೂ ಆಗದಿದ್ದಾಗ. ಅಲ್ಲಿ ಕುಂತ್ರ ಬಿಟ್ಟುಬಿಡೂದು. ಅತ್ತು ಮುಗಿಸಿ ತಾವ ಎದ್ದ ಬರ್ತಾರ. ಗಂಡಸೂರು ಕುಂತಿರಲಿಲ್ಲ, ಇಂವ ಕುಂತ. ರಿವಾಜು ರಿವಾಜನ."

"ನನಗ ಯಾಕ ಗೊತ್ತಿಲ್ಲ?" ಎಂದ ಗುಡದಪ್ಪ. ಅದೇ ಮನೆಯಲ್ಲಿ ಹುಟ್ಟಿ ತಲೆ ನರೆಸಿದವನು.

"ನೀ ಯಾವಾಗ ಕೇಳೀದಿ?"

ನಾನು ಓದಿದ ಕಾನ್ವೆಂಟಿನ ಚರ್ಚಿನಲ್ಲಿ, ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು ಕೂರುವ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ಕೂತು ಬಂದವರನ್ನು ಏನೂ ಕೇಳಕೂಡದು ಎಂದು ಸಿಸ್ಟರುಗಳು ನಮಗೆ ಕಟ್ಟುನಿಟ್ಟು ಮಾಡಿದ್ದರು. ಆ ಪೆಟ್ಟಿಗೆಗೆ ಪಾಲಿಶು ಇತ್ತು, ಪರದೆ ಇತ್ತು. ಮುದುಕವ್ವನ ಕಂಬಕ್ಕೆ ಸುಣ್ಣ ಕೂಡ ಬಡಿದಿರಲಿಲ್ಲ. ಕೆಲಸ ಮಾತ್ರ ಹತ್ತಿರಹತ್ತಿರ ಒಂದೇ.

ಸುರೇಖಾ ಚಹಾದ ತಾಟು ಕೆಳಗಿಟ್ಟಳು. ಮಗನನ್ನು ನೋಡಿದಳು, ಕಂಬವನ್ನೊಮ್ಮೆ ನೋಡಿದಳು, ಒಳಗೆ ಹೋದಳು.

ಅಂದು ಕೊಟ್ರೇಶ ಪರೀಕ್ಷೆ ಬಿಡುವ ಮಾತನ್ನೂ ಹೊರಗೆ ಹಾಕಿದ. ಗುಡದಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ, "ಬಿಡೂದಾದ್ರ ಬಿಡು. ಅಂಗಡಿ ಐತಿ. ಜೀವನಪೂರ್ತಿ ತುಂಬು ಬಿಡಿಸಾಕ ಅಡ್ಡಿಯಿಲ್ಲ," ಎಂದಳು. ಕೊಟ್ರೇಶ ಮುಂದಿದ್ದ ಕೆಂಪು ರಾಶಿಯನ್ನು ನೋಡಿದ. ಭೌತಶಾಸ್ತ್ರ ಅವನಿಗೆ ಒಮ್ಮೆಲೇ ಹಗುರವಾಗಿ ಕಂಡಿತು.

ಮುಂದಿನ ವಾರದಿಂದ ಅವನು ಕಂಬದ ಕಡೆ ಇರಲಿಲ್ಲ. ಬಾಗಿಲ ಬೆಳಕಿನಲ್ಲಿ, ಎಲ್ಲರ ನಡುವೆ ಕೂತಿದ್ದ. ಮುಂದೆ ಒಂದು ಡಬ್ಬಕ್ಕೆ ಒರಗಿಸಿದ ಫೋನು. ಆ ಕಡೆ ಹೀನಾ ಉಳ್ಳಾಗಡ್ಡಿ ಹೆಚ್ಚುತ್ತ ಪ್ರಶ್ನೆ ಕೇಳುವುದು, ಈ ಕಡೆ ಇವನು ಕಾಯಿ ಬಿಡಿಸುತ್ತ ಉತ್ತರ ಹೇಳುವುದು. ತಪ್ಪಾದರೆ ಅವಳು ಇಡೀ ಪಡಸಾಲೆಗೆ ಕೇಳುವ ಹಾಗೆ ಬೈಯುತ್ತಿದ್ದಳು, ಹೆಂಗಸರು ಖುಷಿಪಡುತ್ತಿದ್ದರು.

"ಅದ್ಯಾರೋ ಕ್ವಾಂಟಮ್ಮ?" ಎಂದಳು ಮುದುಕವ್ವ ಒಂದು ದಿನ. "ದಿನಾ ಅಕೀದ ಮಾತು. ಯಾರ ಮನಿಯಾಕಿ?"

"ಅಕಿ ಸಣ್ಣಾಕಿ ಅಜ್ಜಿ. ಕಣ್ಣಿಗೆ ಕಾಣೂದಿಲ್ಲ. ಎಲ್ಲಿ ಇರ್ತಾಳ ಅಂತ ಖಾತ್ರಿ ಹೇಳಾಕ ಬರೂದಿಲ್ಲ."

"ನಿಮ್ಮ ಚಿಕ್ಕವ್ವನಂಗ ಅನ್ನು. ಕೆಲಸ ಬಂದ ಕೂಡ್ಲೆ ಎಲ್ಲಿರ್ತಾಳ ತಿಳಿಯೂದಿಲ್ಲ."

ಹೀಗೆ ಓದಿ ಲಿಖಿತ ಪರೀಕ್ಷೆ ಬರೆದ, ಚೆನ್ನಾಗಿಯೇ ಬರೆದ. ಆಮೇಲೆ ಬಂತು ಮೊದಲು ಹೇಳಿದ ಆ ಮೌಖಿಕ ಪರೀಕ್ಷೆ. ಅಜ್ಜಿ ಅಂದು ಪರೀಕ್ಷಕರ ಮೇಲೆ ಏರಿಹೋದದ್ದಕ್ಕೂ ಅವಳದೇ ಕಾಯಿದೆ ಇತ್ತು. "ಕಂಬ ಬಿಟ್ಟು ಬ್ಯಾರೆ ಕಡೆ ಅತ್ರ ಕೇಳಬೇಕಲ್ಲ!"

ಮರುದಿನ ಯೂನಿವರ್ಸಿಟಿಯ ಆಪ್ತಸಮಾಲೋಚಕಿ ನಂದಿತಾ ಮೇಡಂ ಫೋನು ಮಾಡಿದರು. ದನಿ ಕೇಳಿದರೇ ಅರ್ಧ ಭಾರ ಇಳಿಯಬೇಕು, ಅಂಥ ದನಿ.

"ಕೊಟ್ರೇಶ, ನಿನ್ನೆ ನೀವು ಅತ್ತಿರಂತೆ."

"ಅತ್ತಿಲ್ರಿ ಮೇಡಂ. ಮೆಣಸಿನಕಾಯಿ ಕೈ ಕಣ್ಣಿಗೆ ಹತ್ತಿತ್ತು."

"ಹೌದಾ. ಎಲ್ಲರೂ ಏನಾದರೂ ಒಂದು ಹೇಳ್ತಾರೆ. ಕಣ್ಣಿಗೆ ಕಸ ಬಿತ್ತು ಅಂತಾರೆ, ನೆಗಡಿ ಅಂತಾರೆ. ಮೆಣಸಿನಕಾಯಿ ಇದೇ ಮೊದಲು."

"ಖರೇ ಹೇಳ್ತೇನ್ರಿ, ನಿನ್ನೆ ಅತ್ತಿಲ್ಲ. ಅದರ ಮೊದಲ ಬ್ಯಾಸಿಗಿ ಪೂರಾ ಅತ್ತೇನ್ರಿ."

ಮೇಡಂ ನಗಲಿಲ್ಲ. ಕೇಳಿದರು. ನಿದ್ದೆ, ಊಟ, ಗೋಡೆ, ಕಪ್ಪು ಚೌಕ, ಕಂಬ, ಉಳ್ಳಾಗಡ್ಡಿ, ಎಲ್ಲವನ್ನೂ ಅವಸರವಿಲ್ಲದೆ ಕೇಳಿದರು. ನಿದ್ದೆ ಮತ್ತೆ ಕೆಟ್ಟರೆ ಕಂಬಕ್ಕಿಂತ ಮೊದಲು ತಮಗೆ ಹೇಳಬೇಕೆಂದರು. ಆಮೇಲೆ, "ನಿಮಗೆ ಈಗ ಏನು ಬೇಕು?" ಎಂದರು.

"ಮೌಖಿಕ ಪರೀಕ್ಷೆ ಇನ್ನೊಮ್ಮೆ ಬೇಕ್ರಿ. ನನಗ ಉತ್ತರ ಬರ್ತಿತ್ತು. ಅತ್ತಿದ್ದಕ್ಕ ಪಾಸ್ ಮಾಡ್ಯಾರ ಅಂದ್ರ ಹೀನಾ ಸಾಯೂತನಕ ಆಡಿಕೊಳ್ತಾಳ್ರಿ."

ಪಾಸಾದವನು ಮತ್ತೆ ಪರೀಕ್ಷೆ ಬೇಡಿದ್ದು ಅವರ ಅನುಭವದಲ್ಲೂ ಇರಲಿಲ್ಲ. ಅದನ್ನು ಅವರು ಒಳ್ಳೆಯ ಲಕ್ಷಣವೆಂದೇ ಹಿಡಿದು ಓಡಾಡಿ ಒಪ್ಪಿಸಿದರು. ಎರಡನೆಯ ಸಲ ಕೊಟ್ರೇಶ ಸೋಪಿನಿಂದ ಕೈ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಅಜ್ಜಿಯನ್ನು ಹಿತ್ತಲಿಗೆ ಕಳಿಸಿ ಕೂತ. ಪರೀಕ್ಷಕರು ಸ್ಟ್ರೆಸ್ಸಿನ ಸುದ್ದಿಗೇ ಹೋಗದೆ ಬೇರೆಲ್ಲ ಕೇಳಿದರು. ಕೊನೆಗೆ ಅವನೇ, "ಸರ್, ಅದೊಂದು ಉಳಿದೈತ್ರಿ," ಎಂದು 'ಏರಿಯಾ' ಸಮೇತ ಹೇಳಿ ಮುಗಿಸಿದ.

ಮಳೆಗಾಲ ಕಳೆದು ಕಾಲೇಜುಗಳು ತೆರೆದ ಮೇಲೆ ನಂದಿತಾ ಮೇಡಂ ಹಾವೇರಿಯಲ್ಲಿ ಒಂದು ಸಭೆ ಕರೆದರು. ಕೊರೋನಾ ಕಾಲದ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಎಂದು ವಿಷಯ. ಅಗಡಿ, ಕರ್ಜಗಿ, ರಾಣೆಬೆನ್ನೂರು, ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಸಭಾಗೃಹ ಗಿಜಿಗುಟ್ಟಿತು. ಕಪ್ಪು ಚೌಕಗಳಿಗೆಲ್ಲ ಮುಖ ಬಂದು, ಆ ಮುಖಗಳೆಲ್ಲ ಒಟ್ಟಿಗೇ ಮಾತಾಡುತ್ತಿದ್ದವು. ಗುಡದಪ್ಪ ಇಸ್ತ್ರಿ ಅಂಗಿ ಹಾಕಿ, ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ನನ್ನನ್ನೂ ಬಿಟ್ಟಿರಲಿಲ್ಲ. ಹೀನಾ ಒಂದು ಡಬ್ಬಿ ತಂದಿದ್ದಳು. ತೆಗೆದರೆ ಬದನೆಕಾಯಿ ಎಣ್ಣೆಗಾಯಿ. "ಅಬ್ಬಾ ಹುಕುಂ," ಎಂದಳು.

ಕೊಟ್ರೇಶನನ್ನು ವೇದಿಕೆಗೆ ಕರೆದರು. ಅವನು ಚೆನ್ನಾಗಿ ಮಾತಾಡಿದ. ಅಳಲು ಜಾಗ ಸಿಗದ್ದನ್ನು ಹೇಳಿದಾಗ ಸಭೆ ಬಿದ್ದುಬಿದ್ದು ನಕ್ಕಿತು. ಕಾರಣವೇ ಇರಲಿಲ್ಲ ಎಂದು ಹೇಳಿದಾಗ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ದುಪಟ್ಟದಿಂದ ಕಣ್ಣೊರೆಸಿಕೊಂಡಳು, ಮಗ್ಗಲಿನವಳು ಏನೂ ಕೇಳದೆ ಅವಳ ಕೈ ಹಿಡಿದಳು. ಮುದುಕವ್ವ ಅದನ್ನು ತಿರುಗಿ ನೋಡಿ ತಲೆಯಾಡಿಸಿದಳು.

ನಂದಿತಾ ಮೇಡಂ ಮೈಕು ಹತ್ತಿರ ಎಳೆದುಕೊಂಡರು. ಸಭೆಯಲ್ಲಿ ಪೆನ್ನುಗಳು ತೆರೆದುಕೊಂಡವು.

"ಕೊಟ್ರೇಶ, ಇಲ್ಲಿ ಎಲ್ಲರಿಗೂ ಬೇಕಾದ ಪ್ರಶ್ನೆ ಇದು. ಅಷ್ಟು ದಿನ ಆ ಕಂಬದ ಹತ್ತಿರ ಕೂತು ಅತ್ತವರು ನೀವು. ಗೆಳತಿಯ ಮಾತಿನಿಂದ ಧೈರ್ಯ ಬಂತೋ, ಅಜ್ಜಿಯ ಮಾತಿನಿಂದ ಬಂತೋ, ನಿಮ್ಮೊಳಗಿನಿಂದಲೇ ಬಂತೋ? ಅಲ್ಲಿಂದ ಎದ್ದು ಬರೋದಕ್ಕೆ ನಿಜವಾಗಿ ಕಾರಣ ಏನು?"

ಕೊಟ್ರೇಶ ಮುಂದಿನ ಸಾಲನ್ನು ನೋಡಿದ. ಸುರೇಖಾ ಸೆರಗಿನಿಂದ ಬಾಯಿ ಮುಚ್ಚಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಗುಡದಪ್ಪ ಏನೂ ತಿಳಿಯದೆ ಮಗನಿಗೆ 'ಹೇಳು, ಹೇಳು' ಎಂದು ಸನ್ನೆ ಮಾಡುತ್ತಿದ್ದ.

"ಜಾಗ ಬಿಡಬೇಕಾತ್ರಿ ಮೇಡಂ," ಎಂದ ಕೊಟ್ರೇಶ. "ಅವ್ವನ ಪಾಳಿ ಬಂದಿತ್ತು."